ಇರುವೆಯೋ ಗೆದ್ದಲೋ? ಔಷಧಿ ಹೊಡೆಯೋ ಮೊದಲು ಒಮ್ಮೆ ನೋಡಿ

ಮೂಡಿಗೆರೆ ಹತ್ತಿರ ನಮ್ಮದೊಂದು ಹಳೇ ಹೆಂಚಿನ ಮನೆ. ಅದರ ಬಚ್ಚಲ ಬಾಗಿಲ ಚೌಕಟ್ಟಿನ ಮೇಲೆ ಒಂದು ಬೇಸಿಗೆ ಪೂರ್ತಿ ಇರುವೆ ಸಾಲು ಹರಿಯುತ್ತಿತ್ತು. ಚಾಕ್‌ಪೀಸ್ ಗೀಚಿದೆ, ಇರುವೆ ಪುಡಿ ಉದುರಿಸಿದೆ, ಯಾರೋ ಹೇಳಿದರು ಅಂತ ಅರಿಶಿನವನ್ನೂ ಹಾಕಿದೆ. ಎರಡು ದಿನ ಮಾಯ, ಮೂರನೇ ದಿನ ಮತ್ತೆ ಹಾಜರ್. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಬಾಗಿಲು ಎಳೆದೆ, ಕೆಳಗಿನ ಕೀಲು ಸ್ಕ್ರೂ ಸಮೇತ ಕಿತ್ತು ಬಂತು. ಚೌಕಟ್ಟಿನ ಹೊರಗೆ ಪೇಂಟ್ ಹೊಳೆಯುತ್ತಿತ್ತು. ಒಳಗೆ ಮರ ಇರಬೇಕಾದ ಕಡೆ ಮಣ್ಣು ತುಂಬಿತ್ತು.

ನೋಡಲು ಬಂದ ಆಚಾರ್ರು ಒಂದೇ ಪ್ರಶ್ನೆ ಕೇಳಿದರು: “ಏನ್ ಗೌಡ್ರೇ, ಇರುವೆ ಬಾಯಲ್ಲಿ ಏನಿತ್ತು ಅಂತ ನೋಡಿದ್ರಾ?” ನೋಡಿರಲಿಲ್ಲ. ಇರುವೆಗಳಿಗೆ ಮರ ಬೇಕಿರಲಿಲ್ಲ. ಮರದೊಳಗಿನ ಗೆದ್ದಲು ಹಿಡಿದು ಹೊತ್ತೊಯ್ಯುತ್ತಿದ್ದವು. ಅಂದರೆ ನಾನು ಮೂರು ತಿಂಗಳು ಔಷಧಿ ಹಾಕಿದ್ದು ನಮ್ಮ ಪರವಾಗಿ ಕೆಲಸ ಮಾಡುತ್ತಿದ್ದವರಿಗೆ!

ಹಾಗಾಗಿ ಇಲ್ಲಿ ಔಷಧಿ ಕೊನೆಗೆ ಬರುತ್ತದೆ. ಮೊದಲು ನೋಡುವ ಕೆಲಸ. ಅದಕ್ಕೆ ಬೇಕಾಗಿದ್ದು ಒಂದು ಟಾರ್ಚ್, ಒಂದು ಸ್ಕ್ರೂಡ್ರೈವರ್, ಬಿಳಿ ಕಾಗದ, ಸೆಲ್ಲೋಟೇಪ್, ಸೀಸದ ಕಡ್ಡಿ, ಮೊಬೈಲ್ ಕ್ಯಾಮೆರಾ. ಎಲ್ಲವೂ ಮನೆಯಲ್ಲಿ ಇರುವಂಥವೇ.

ಹುಳ ಸಿಕ್ಕಿದೆ, ಯಾವುದು ಅಂತ ಗೊತ್ತಾಗುತ್ತಿಲ್ಲ

ಒಂದೆರಡು ಹುಳವನ್ನು ಟೇಪಿಗೆ ಅಂಟಿಸಿ ಬಿಳಿ ಕಾಗದದ ಮೇಲೆ ಇಡಿ. ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.

ಮೊದಲು ಸೊಂಟ ನೋಡಿ. ಇರುವೆಗೆ ದಾರ ಕಟ್ಟಿ ಬಿಗಿದ ಹಾಗೆ ಸಣ್ಣ ಸೊಂಟ. ಗೆದ್ದಲಿಗೆ ಸೊಂಟವೇ ಇಲ್ಲ, ಎದೆಯಿಂದ ಹೊಟ್ಟೆವರೆಗೆ ಒಂದೇ ದಪ್ಪ. ಆಮೇಲೆ ಮೀಸೆ. ಇರುವೆಯ ಮೀಸೆ ನಮ್ಮ ಮೊಣಕೈ ಹಾಗೆ ಮಧ್ಯದಲ್ಲಿ ಮಡಚಿರುತ್ತದೆ. ಗೆದ್ದಲಿನದು ಮಡಚಿರುವುದಿಲ್ಲ, ಸಣ್ಣ ಮಣಿ ಪೋಣಿಸಿದ ಸರದ ಹಾಗೆ ಕಾಣುತ್ತದೆ. ಇವೆರಡು ಸಾಕು.

ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಗೆದ್ದಲಿಗೆ ‘ಬಿಳಿ ಇರುವೆ’ ಅಂತ ಹೆಸರು ಕೊಟ್ಟವರು ನಮಗೆ ಒಳ್ಳೇ ಉಪಕಾರ ಮಾಡಿಲ್ಲ. ಗೆದ್ದಲು ಇರುವೆ ಜಾತಿಯೇ ಅಲ್ಲ, ಅದು ಜಿರಲೆಯ ನೆಂಟ. ಇರುವೆ ಜೇನು, ಕಣಜದ ಕಡೆಯದು. ಗೆದ್ದಲಿನಲ್ಲೂ ಕಾವಲು ಹುಳಕ್ಕೆ ಕಂದು ತಲೆ ಇರುತ್ತದೆ, ರೆಕ್ಕೆ ಬಂದದ್ದು ಪೂರ್ತಿ ಕಪ್ಪು ಕಂದು. ಇರುವೆಯಲ್ಲೂ ಮಾಸಲು ಹಳದಿ ಬಣ್ಣದ ಸಣ್ಣ ಜಾತಿಗಳಿವೆ.

ನಡತೆಯೂ ಬೇರೆ. ಇರುವೆ ಹಗಲಲ್ಲೇ ಎಲ್ಲರ ಕಣ್ಣೆದುರು ಸಾಲು ಹಿಡಿದು ಓಡಾಡುತ್ತದೆ. ಮನೆ ಹಾಳು ಮಾಡುವ ಗೆದ್ದಲಿಗೆ ಬೆಳಕು, ಒಣ ಗಾಳಿ ಎರಡೂ ಆಗದು. ಚರ್ಮ ಅಷ್ಟು ತೆಳು, ಬಿಸಿಲಿಗೆ ಬಿದ್ದರೆ ಒಣಗಿ ಸಾಯುತ್ತದೆ. ಹಾಗಾಗಿ ಗೋಡೆ ಮೇಲೆ ಬಯಲಲ್ಲೇ ಸಾಲು ಹೋಗುತ್ತಿದ್ದರೆ ಅದು ಬಹುತೇಕ ಇರುವೆ.

ಹಾಗಂತ ಅಲ್ಲಿಗೇ ನಿಲ್ಲಿಸಬೇಡಿ. ಆಚಾರ್ರ ಪ್ರಶ್ನೆ ನೆನಪಿದೆ ಅಲ್ವಾ? ಇರುವೆ ಬಾಯಲ್ಲಿ ಬಿಳಿ ವಸ್ತು ಇದ್ದರೆ ಒಂದನ್ನು ಬಿಡಿಸಿ ನೋಡಿ. ಅಕ್ಕಿ ನುಚ್ಚಿನ ಹಾಗೆ ಕಾಲಿಲ್ಲದೆ ನುಣ್ಣಗಿದ್ದರೆ ಅದು ಇರುವೆಯದೇ ಮರಿ. ಮಳೆಗೆ ಮುಂಚೆ ಜಾಗ ಬದಲಿಸುತ್ತಿವೆ, ಅಷ್ಟೇ. ಕಾಲು, ತಲೆ ಕಂಡು, ಸೊಂಟ ಇಲ್ಲದಿದ್ದರೆ ಅದು ಗೆದ್ದಲು. ಇರುವೆ ಎಲ್ಲಿಂದ ಹೊರಬರುತ್ತಿದೆಯೋ ಆ ಸಂದಿಯನ್ನೇ ಟಾರ್ಚ್ ಹಿಡಿದು ಹುಡುಕಿ.

ಮಳೆ ಬಂದ ಸಂಜೆ ದೀಪಕ್ಕೆ ಮುತ್ತುವ ಹುಳ, ಬೆಳಿಗ್ಗೆ ರೆಕ್ಕೆ ರಾಶಿ

ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಮೊದಲ ಜೋರು ಮಳೆಗಳ ನಂತರ ಇದು ಮಾಮೂಲು. ಸಂಜೆ ಮಳೆ ನಿಂತ ಕೂಡಲೇ ಟ್ಯೂಬ್‌ಲೈಟಿಗೆ ಮುತ್ತುತ್ತವೆ. ಮಳೆಹುಳ, ಈಸುಳ್ಳಿ, ಈಚಲು ಹುಳ ಅಂತ ಒಂದೊಂದು ಕಡೆ ಒಂದೊಂದು ಹೆಸರು. ಬಹಳ ಸಲ ಇವು ಗೂಡು ಬಿಟ್ಟು ಹೊಸ ಸಂಸಾರ ಹೂಡಲು ಹೊರಟ ಗೆದ್ದಲು. ಆದರೆ ಇರುವೆಗಳೂ ಇದೇ ಕಾಲಕ್ಕೆ ರೆಕ್ಕೆ ಕಟ್ಟಿಕೊಂಡು ಹಾರುತ್ತವೆ.

ರೆಕ್ಕೆಯನ್ನು ಕಾಗದದ ಮೇಲೆ ಹರಡಿ. ಗೆದ್ದಲಿನ ನಾಲ್ಕೂ ರೆಕ್ಕೆ ಒಂದೇ ಉದ್ದ, ಮೈಗಿಂತ ಸುಮಾರು ಎರಡು ಪಟ್ಟು. ಮುಟ್ಟಿದರೆ ಉದುರುತ್ತವೆ. ಇರುವೆಗೆ ಮುಂದಿನ ಜೋಡಿ ದೊಡ್ಡದು, ಹಿಂದಿನದು ಚಿಕ್ಕದು. ಬೆಳಿಗ್ಗೆ ಕಿಟಕಿ ಕಟ್ಟೆಯಲ್ಲಿ ಒಂದೇ ಅಳತೆಯ ರೆಕ್ಕೆಗಳು ಗುಡ್ಡೆ ಬಿದ್ದು, ಹುಳ ಮಾತ್ರ ಕಾಣದಿದ್ದರೆ ಗೆದ್ದಲೇ.

ಗಾಬರಿ ಬೇಕಾ? ಎಲ್ಲಿಂದ ಬಂದವು ಅನ್ನುವುದರ ಮೇಲೆ ನಿಂತಿದೆ. ಹೊರಗಿನಿಂದ ಬೆಳಕಿಗೆ ಬಂದಿದ್ದರೆ ಗುಡಿಸಿ ಎಸೆಯಿರಿ, ಕಿಟಕಿ ಹಾಕಿ, ದೀಪ ಆರಿಸಿ. ಅವುಗಳಲ್ಲಿ ಬಹುಪಾಲು ಹಲ್ಲಿ, ಕಪ್ಪೆ, ಕೋಳಿ, ಇರುವೆಗಳ ಪಾಲಾಗುತ್ತವೆ. ಮನೆಯೊಳಗಿನ ನೆಲದ ಬಿರುಕಿನಿಂದ ಅಥವಾ ಗೋಡೆ ಬುಡದಿಂದ ಎದ್ದು ಬರುತ್ತಿದ್ದರೆ ಮಾತ್ರ ವಿಷಯ ಬೇರೆ. ಮುಚ್ಚಿದ ಕೋಣೆಯಲ್ಲಿ ರೆಕ್ಕೆ ರಾಶಿ ಸಿಕ್ಕಿದರೂ ಅಷ್ಟೇ. ಗೂಡು ಮನೆ ಅಡಿಯಲ್ಲೇ ಇದೆ, ಇಂದು ನಿನ್ನೆಯದಲ್ಲ. ಆ ಬಿರುಕಿನ ಫೋಟೋ ತೆಗೆದು, ಜಾಗಕ್ಕೆ ಗುರುತು ಹಾಕಿ. ಮುಂದೆ ಔಷಧಿ ಹಾಕುವವರಿಗೆ ಅದೇ ದಾರಿ ತೋರಿಸುತ್ತದೆ.

ಮನೆ ಬುಡದಲ್ಲಿ ಮಳೆಗಾಲಕ್ಕೆ ಹುತ್ತದ ಅಣಬೆ ಎದ್ದರೂ ಇದೇ ಅರ್ಥ. ನಮ್ಮ ಗೆದ್ದಲುಗಳಲ್ಲಿ ಹಲವು ನೆಲದೊಳಗೆ ಶಿಲೀಂಧ್ರ ಬೆಳೆಸಿ ತಿನ್ನುತ್ತವೆ. ಆ ಅಣಬೆ ಹುಟ್ಟುವುದು ಅದರಿಂದಲೇ. ಗುರುತು ಪಕ್ಕಾ ಗೊತ್ತಿಲ್ಲದ ಅಣಬೆಯನ್ನು ಸಾರಿಗೆ ಹಾಕಬೇಡಿ.

ಗೋಡೆ ಮೇಲೆ, ಚೌಕಟ್ಟಿನ ಪಕ್ಕ ಮಣ್ಣಿನ ಗೆರೆ

ಸೀಸದ ಕಡ್ಡಿಯಷ್ಟು ಅಗಲ, ಒಣಗಿದ ಕೆಸರಿನ ಬಣ್ಣ, ನೆಲದಿಂದ ಮೇಲಕ್ಕೆ ಕವಲೊಡೆಯುತ್ತಾ ಹತ್ತಿರುತ್ತದೆ. ಮಣ್ಣಿನಲ್ಲಿರುವ ಗೂಡಿನಿಂದ ಮರದ ತನಕ ಗೆದ್ದಲು ಕಟ್ಟಿಕೊಂಡ ಸುರಂಗ ಇದು. ಮನೆಯಲ್ಲಿ ಕಾಣುವ ಇರುವೆ ಸಾಮಾನ್ಯವಾಗಿ ಇಂಥದ್ದು ಕಟ್ಟುವುದಿಲ್ಲ.

ಮಣ್ಣು ಕಂಡ ಕಡೆಯೆಲ್ಲ ಗೆದ್ದಲು ಅಂದುಕೊಳ್ಳುವವರೂ ಇದ್ದಾರೆ. ಗೋಡೆಗೆ ಹಿಡಿ ಮಣ್ಣು ಅಂಟಿಸಿದ ಹಾಗೆ ಉಂಡೆ ಇದ್ದರೆ, ಪ್ಲಗ್ ತೂತಿಗೆ ಮಣ್ಣು ಮೆತ್ತಿದ್ದರೆ ಅದು ಮಣ್ಣಿನ ಗೂಡು ಕಟ್ಟುವ ಕಣಜದ ಕೆಲಸ. ಒಡೆದರೆ ಒಳಗೆ ಬೇರೆ ಬೇರೆ ಗೂಡು, ಅದರಲ್ಲಿ ಸತ್ತಂತೆ ಬಿದ್ದ ಜೇಡಗಳೋ ಹುಳಗಳೋ. ಮರಕ್ಕೆ ಏನೂ ತೊಂದರೆ ಇಲ್ಲ.

ಗೆರೆಯೇ ಆಗಿದ್ದರೆ ಪರೀಕ್ಷೆ ಹೀಗೆ. ಪೊರಕೆ ತಂದು ಉಜ್ಜಿ ತೆಗೆಯಬೇಡಿ, ನಾವೆಲ್ಲ ಮೊದಲು ಮಾಡುವ ತಪ್ಪು ಅದು. ನಡುವೆ ಒಂದು ಇಂಚು ಮಾತ್ರ ಸ್ಕ್ರೂಡ್ರೈವರ್ ತುದಿಯಲ್ಲಿ ಕೆರೆದು ತೆರೆಯಿರಿ. ಪಕ್ಕದಲ್ಲಿ ಸೀಸದ ಕಡ್ಡಿಯಲ್ಲಿ ತಾರೀಖು ಬರೆಯಿರಿ.

ಪುರುಸೊತ್ತಿದ್ದರೆ ಅಲ್ಲೇ ಒಂದು ಸ್ಟೂಲ್ ಹಾಕಿಕೊಂಡು ಕೂತು ನೋಡಿ. ಒಡೆದ ಕೂಡಲೇ ಬಿಳಿ ಹುಳಗಳು ಗಡಿಬಿಡಿಯಿಂದ ಹಿಂದೆ ಸರಿಯುತ್ತವೆ. ಒಂದೆರಡು ಕಂದು ತಲೆಯವು ಮುಂದೆ ಬಂದು ಒಡೆದ ಬಾಯಿಗೆ ಅಡ್ಡ ನಿಲ್ಲುತ್ತವೆ, ದವಡೆ ಕತ್ತರಿ ಹಾಗೆ ಬಿಚ್ಚಿಕೊಂಡು. ಸ್ವಲ್ಪ ಹೊತ್ತಿಗೆ ಒಂದು ಬಿಳಿ ಹುಳ ಬಾಯಲ್ಲಿ ಸಾಸಿವೆಗಿಂತ ಚಿಕ್ಕ ಒದ್ದೆ ಮಣ್ಣಿನ ಕಾಳು ತಂದು ಅಂಚಿಗೆ ಒತ್ತಿ ಹೋಗುತ್ತದೆ. ಹಿಂದೆಯೇ ಇನ್ನೊಂದು. ನನ್ನ ಮಗಳು ಎಣಿಸಲು ಕೂತವಳು ಊಟಕ್ಕೆ ಕರೆದರೂ ಏಳಲಿಲ್ಲ. ಅಷ್ಟರಲ್ಲಿ ಎಲ್ಲಿಂದಲೋ ಕಪ್ಪಿರುವೆಗಳು ವಾಸನೆ ಹಿಡಿದು ಬಂದವು.

ಎರಡು ಮೂರು ದಿನದಲ್ಲಿ ಆ ಇಂಚು ಹೊಸ ಮಣ್ಣಿನಿಂದ ಮುಚ್ಚಿದ್ದರೆ ಗೂಡು ಜೀವಂತ. ಮುಚ್ಚದೆ ಹಾಗೇ ಇದ್ದು, ಮಣ್ಣು ಮುಟ್ಟಿದರೆ ಪುಡಿಯಾದರೆ ಆ ದಾರಿ ಬಿಟ್ಟಿವೆ. ಮನೆ ಬಿಟ್ಟಿವೆ ಅಂತಲ್ಲ. ಚೌಕಟ್ಟಿನ ಹಿಂಬದಿ, ಸ್ಕರ್ಟಿಂಗ್ ಸಂದಿ, ಬಚ್ಚಲ ಪೈಪಿನ ಪಕ್ಕ, ಗೋಡೆಗೆ ಒರಗಿಸಿದ ಸೌದೆ ರಾಶಿಯ ಹಿಂದೆ, ಎಲ್ಲ ಕಡೆ ಟಾರ್ಚ್ ಹಾಕಿ. ಸೌದೆಯನ್ನಂತೂ ಇವತ್ತೇ ಗೋಡೆಯಿಂದ ದೂರ ಸರಿಸಿ, ಕಲ್ಲಿನ ಮೇಲೆ ಪೇರಿಸಿ. ಕೈಗವಸು ಹಾಕಿಕೊಳ್ಳಿ. ಸೌದೆ ಸಂದಿಯಲ್ಲಿ ಚೇಳು, ಹಾವು ಎರಡಕ್ಕೂ ಜಾಗ ಇರುತ್ತದೆ.

ಮರದ ಕೆಳಗೆ ದಿನಾ ಪುಡಿ ಬೀಳುತ್ತಿದೆ

ಪುಡಿಯನ್ನು ಬೆರಳಲ್ಲಿ ಉಜ್ಜಿ. ಗೋಧಿ ಹಿಟ್ಟಿನಷ್ಟು ನುಣ್ಣಗಿದ್ದು, ಮರದಲ್ಲಿ ಗುಂಡುಸೂಜಿ ತಲೆಯಷ್ಟು ದುಂಡು ತೂತುಗಳಿದ್ದರೆ ಅದು ಕುಟ್ಟೆ ಹುಳ. ಬಿದಿರು, ಹಲಗೆಯ ಹೊರಗಿನ ಬಿಳಿ ಭಾಗ ಅಂದರೆ ಅದಕ್ಕೆ ಪ್ರಾಣ. ಗೆದ್ದಲಲ್ಲ, ಅದೊಂದು ಜೀರುಂಡೆ ಜಾತಿ. ನೆಲಕ್ಕೆ ಔಷಧಿ ಹಾಕಿಸಿದರೆ ಅದಕ್ಕೇನೂ ಆಗದು, ದುಡ್ಡು ದಂಡ.

ಪುಡಿಯ ಬದಲು ಗಸಗಸೆಯಂಥ ಗಟ್ಟಿ ಕಾಳು ಬೀಳುತ್ತಿದೆಯಾ? ಕ್ಯಾಮೆರಾದಲ್ಲಿ ದೊಡ್ಡದು ಮಾಡಿದರೆ ಕಾಳಿಗೆ ಆರು ಮುಖ ಕಾಣುತ್ತದೆ. ಅದು ಒಣ ಮರದ ಗೆದ್ದಲಿನ ಹಿಕ್ಕೆ. ಇದಕ್ಕೆ ಮಣ್ಣಿನ ಸಂಪರ್ಕ ಬೇಡ, ಸುರಂಗವೂ ಬೇಡ, ಇಡೀ ಸಂಸಾರ ಆ ಕುರ್ಚಿಯೊಳಗೇ. ಹಳೇ ಫರ್ನಿಚರ್ ಕೊಂಡು ತಂದಾಗ ಜೊತೆಗೆ ಬರುತ್ತದೆ. ಆ ಒಂದು ಸಾಮಾನನ್ನು ಹೊರಗಿಟ್ಟು ಆಚಾರ್ರಿಗೆ ತೋರಿಸಿ.

ಒರಟು ಮರದ ಹೊಟ್ಟು, ಅದರಲ್ಲಿ ಹುಳಗಳ ಕಾಲು, ರೆಕ್ಕೆ ಚೂರು ಬೆರೆತಿದ್ದರೆ ಗೊದ್ದ, ಅಂದರೆ ದೊಡ್ಡ ಕಪ್ಪಿರುವೆ, ಗೂಡು ಮಾಡಿದೆ. ಅದು ಮರ ತಿನ್ನುವುದಿಲ್ಲ, ಕೆರೆದು ಜಾಗ ಮಾಡಿಕೊಳ್ಳುತ್ತದೆ. ಅದೂ ಸಾಮಾನ್ಯವಾಗಿ ನೀರು ಕುಡಿದು ಮೆತ್ತಗಾದ ಮರದಲ್ಲಿ. ಮೇಲೆ ಹೆಂಚು ಒಡೆದಿದೆಯಾ ನೋಡಿ. ಸೋರುವುದು ನಿಂತರೆ ಅರ್ಧ ಕೆಲಸ ಮುಗಿಯಿತು.

ಇನ್ನು ಮಾವಿನ ಮರದಿಂದ ಅಂಗಳಕ್ಕೆ ಬಿದ್ದ ಚಗಳಿ (ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆ) ಮನೆ ಮರಕ್ಕೆ ಏನೂ ಮಾಡುವುದಿಲ್ಲ. ಕಚ್ಚುತ್ತದೆ, ಅಷ್ಟೇ. ಅದಕ್ಕೆ ಪ್ರತೀಕಾರ ಬೇಕಿದ್ದರೆ ಚಟ್ನಿ ಇದೆ.

ಬಾಗಿಲು ಬಿಗಿ, ಪೇಂಟ್ ಉಬ್ಬು, ತಟ್ಟಿದರೆ ಟೊಳ್ಳು

ಮಲೆನಾಡಲ್ಲಿ ಮಳೆಗಾಲಕ್ಕೆ ಬಾಗಿಲು ಬಿಗಿಯಾಗದ ಮನೆ ಯಾವುದಿದೆ? ಜುಲೈನಲ್ಲಿ ಹಿಡಿದು ದೀಪಾವಳಿ ಹೊತ್ತಿಗೆ ಸಡಿಲವಾದರೆ ಅದು ತೇವ. ಬೇಸಿಗೆಯಲ್ಲೂ ಹಿಡಿಯುತ್ತಿದ್ದರೆ, ಇಲ್ಲವೇ ಚೌಕಟ್ಟು ಕುಸಿದು ಬಾಗಿಲು ನೆಲ ಕೆರೆಯುತ್ತಿದ್ದರೆ ಅನುಮಾನ ಪಡಿ. ಪೇಂಟ್ ಉಬ್ಬಿದ ಕಡೆ ಬೆರಳಲ್ಲಿ ಒತ್ತಿ. ಬರೀ ನೀರಿನಿಂದಾದರೆ ಗುಳ್ಳೆ ಒಡೆದು ಕೆಳಗೆ ಒದ್ದೆ ಗಟ್ಟಿ ಮರ ಅಥವಾ ಸುಣ್ಣದಂಥ ಬಿಳಿ ಪುಡಿ. ಗೆದ್ದಲಾದರೆ ಕಾಗದದಷ್ಟು ತೆಳು ಪದರ ಒಳಗೆ ಕುಸಿಯುತ್ತದೆ, ಕೆಳಗೆ ಮಣ್ಣು.

ಸ್ಕ್ರೂಡ್ರೈವರ್ ಹಿಡಿಯಿಂದ ಚೌಕಟ್ಟಿನ ಬುಡದಿಂದ ಮೇಲಕ್ಕೆ ತಟ್ಟುತ್ತಾ ಹೋಗಿ. ಗಟ್ಟಿ ಮರ ‘ಟಕ್’ ಅನ್ನುತ್ತದೆ. ತಿಂದ ಮರದ ಸದ್ದು ಮಂಕು, ಖಾಲಿ ಡಬ್ಬ ತಟ್ಟಿದ ಹಾಗೆ. ಸದ್ದು ಬದಲಾದ ಕಡೆ ತುದಿಯನ್ನು ಮೆಲ್ಲಗೆ ಒತ್ತಿ. ಒಳಗೆ ಹೋದರೆ ಒಂದು ಚೂರು ತೆಗೆದು ನೋಡಿ. ಬರೀ ಕೊಳೆತ ಮರ ಒದ್ದೆಯಾಗಿ ಚೂರು ಚೂರಾಗಿ ಉದುರುತ್ತದೆ, ಮಣ್ಣು ಇರುವುದಿಲ್ಲ. ಗೆದ್ದಲು ತಿಂದದ್ದು ಎಳೆಯ ಗುಂಟ ಹಾಳೆ ಹಾಳೆಯಾಗಿರುತ್ತದೆ. ಮೆತ್ತನೆಯ ಪದರ ತಿಂದು ಗಟ್ಟಿಯದನ್ನು ಬಿಟ್ಟಿರುತ್ತವೆ, ನಡುವೆ ಮಣ್ಣು ಮೆತ್ತಿರುತ್ತದೆ. ತೇಗದ್ದೇ ಹಾಕಿಸಿದ್ದೀವಿ ಅಂತ ಧೈರ್ಯವಾಗಿರಬೇಡಿ. ತೇಗದ ಚೇಗು, ಅಂದರೆ ಒಳಗಿನ ಗಟ್ಟಿ ತಿರುಳು, ತಡೆಯುತ್ತದೆ, ಹೊರಗಿನ ಬಿಳಿ ಭಾಗ ತಡೆಯುವುದಿಲ್ಲ. ಪ್ಲೈವುಡ್ ಕಪಾಟಿನ ಮಾತಂತೂ ಬೇಡ.

ಇಲ್ಲಿ ಒಂದು ಗೆರೆ ಹಾಕಿಕೊಳ್ಳಿ. ಬಾಗಿಲು, ಕಪಾಟು ಆದರೆ ನೀವೇ ಚುಚ್ಚಿ ನೋಡಬಹುದು. ಮಾಡು ಹೊತ್ತ ತೊಲೆ, ಪಕಾಸಿ, ಅಟ್ಟದ ಜಂತೆಗಳ ಮೇಲೆ ಸುರಂಗ ಕಂಡರೆ ಅಥವಾ ಹೆಂಚಿನ ಸಾಲು ಕುಳಿತ ಹಾಗೆ ಕಂಡರೆ ಏಣಿ ಹತ್ತಬೇಡಿ, ಅಟ್ಟದ ಮೇಲೆ ಕಾಲಿಡಬೇಡಿ. ಆ ಕೋಣೆಯ ಮಂಚ ಖಾಲಿ ಮಾಡಿ, ಆಚಾರ್ರನ್ನೋ ಎಂಜಿನಿಯರನ್ನೋ ಕರೆಸಿ, ಮೊದಲು ಮಾಡಿಗೆ ಆಸರೆಯಾಗಿ ಊರೆ ಕೊಡಿಸಿ. ಹುಳದ ಚಿಂತೆ ಆಮೇಲೆ.

ಟ್ರಂಕು, ಪುಸ್ತಕ, ಪಹಣಿ ಪತ್ರ

ಹೊರಗಿನ ಅಂಚು ಚೆನ್ನಾಗಿದ್ದು ನಡುವೆ ನಕ್ಷೆಯ ಹಾಗೆ ಅಂಕುಡೊಂಕು ತಿಂದು ಮಣ್ಣು ಮೆತ್ತಿದ್ದರೆ ಗೆದ್ದಲು. ಮೇಲ್ಮೈ ಮಾತ್ರ ಕೆರೆದ ಹಾಗಿದ್ದು ಮಣ್ಣಿಲ್ಲದಿದ್ದರೆ ಬೆಳ್ಳಿಹುಳ. ಬಿಸಿಲಿಗಿಡಿ, ಗೋಡೆಗೆ ಒರಗಿದ ಬೀರುವನ್ನು ಒಂದು ಗೇಣು ಮುಂದೆ ಎಳೆಯಿರಿ. ಪತ್ರಗಳನ್ನು ಮರದ ಪೆಟ್ಟಿಗೆಯಲ್ಲಿ ಇಡುವ ಕಾಲ ಮುಗಿದಿದೆ, ಸ್ಟೀಲ್ ಡಬ್ಬಕ್ಕೆ ಹಾಕಿ.

ಸ್ವಿಚ್ ಬೋರ್ಡ್ ಸಂದಿಯಿಂದ ಮಣ್ಣು

ಹಳೇ ಮನೆಗಳಲ್ಲಿ ಮರದ ಬೋರ್ಡ್, ಮರದ ಬ್ಯಾಟನ್ ಮೇಲೆ ವೈರಿಂಗ್. ಗೆದ್ದಲಿಗೆ ಅದು ರೆಡಿ ಮಾಡಿಟ್ಟ ಹೆದ್ದಾರಿ. ಮೈನ್ ಆಫ್ ಮಾಡದೆ ಮುಟ್ಟಬೇಡಿ. ಸ್ಪ್ರೇ ಹೊಡೆಯಲೇಬೇಡಿ, ದ್ರವ ಮತ್ತು ಕರೆಂಟ್ ಒಟ್ಟಿಗೆ ಆಗುವುದಿಲ್ಲ, ಕೆಲವು ಸ್ಪ್ರೇ ಹೊತ್ತಿಕೊಳ್ಳುತ್ತವೆ. ಸುಟ್ಟ ವಾಸನೆ, ಬಿಸಿ ಅಥವಾ ಚಿಟಚಿಟ ಸದ್ದು ಇದ್ದರೆ ಎಲೆಕ್ಟ್ರಿಷಿಯನ್ ಬರುವ ತನಕ ಮೈನ್ ಹಾಕಬೇಡಿ.

ತೋಟದ ಮರಕ್ಕೆ ಮಣ್ಣು ಹತ್ತಿದೆ

ಅರಸೀಕೆರೆ, ಕಡೂರು ಕಡೆಯ ತೆಂಗಿರಲಿ, ನಮ್ಮ ಸಿಲ್ವರ್ ಓಕ್ ಇರಲಿ, ಒಣಗಾಲದಲ್ಲಿ ಕಾಂಡಕ್ಕೆ ಮಣ್ಣಿನ ಹೊದಿಕೆ ಹತ್ತುವುದು ಸಾಮಾನ್ಯ. ನಾರಿನಿಂದ ಉಜ್ಜಿ ಕೆಳಗಿನ ತೊಗಟೆ ಉಗುರಿಂದ ಕೆರೆದು ನೋಡಿ. ಒಳಗೆ ಹಸಿ ಇದ್ದರೆ ಅವು ಸತ್ತ ತೊಗಟೆ ಮಾತ್ರ ತಿನ್ನುತ್ತಿವೆ. ದೊಡ್ಡ ಮರಕ್ಕೆ ಔಷಧಿ ಬೇಡ. ಹೊಸದಾಗಿ ನೆಟ್ಟ ಸಸಿ ಬಾಡಿ, ಎಳೆದಾಗ ಬೇರು ಕಡಿದು ಮಣ್ಣು ಮೆತ್ತಿ ಬಂದರೆ ಅದು ನಿಜವಾದ ನಷ್ಟ. ಗುಂಡಿಗೆ ಸರಿಯಾಗಿ ಕಳಿಯದ ಗೊಬ್ಬರ ಹಾಕಿದ್ದೀರಾ ಅಂತ ಮೊದಲು ಕೇಳಿಕೊಳ್ಳಿ, ಅರೆಬೆಂದ ಗೊಬ್ಬರ ಗೆದ್ದಲನ್ನು ಕರೆಯುತ್ತದೆ.

ಅರೇಬಿಕಾ ಕಾಫಿ ಗಿಡ ಹಳದಿಯಾಗಿ ಸೊರಗುತ್ತಿದ್ದು, ಕಾಂಡದ ಮೇಲೆ ಮಣ್ಣಿಲ್ಲದೆ ಉಂಗುರದ ಹಾಗೆ ಉಬ್ಬು ಗೆರೆ ಇದ್ದರೆ ಗೆದ್ದಲನ್ನು ಬಯ್ಯಬೇಡಿ. ಅದು ಬಿಳಿ ಕಾಂಡಕೊರಕ. ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್‌ನಲ್ಲಿ ಅದರ ದುಂಬಿ ಹಾರುತ್ತದೆ. ಅದಕ್ಕೆ ಮುಂಚೆಯೇ ಗಿಡ ಹುಡುಕಿ ಕಿತ್ತು ಸುಡಬೇಕು. ಅನುಮಾನವಿದ್ದರೆ ಕಾಫಿ ಮಂಡಳಿಯ ವಿಸ್ತರಣಾ ಕಚೇರಿಗೋ, ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಗೋ ಕಾಂಡದ ತುಂಡು ಒಯ್ದು ತೋರಿಸಿ.

ಹುತ್ತದ ವಿಷಯ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಳ್ಳುತ್ತದೆ ಅನ್ನೋದು ಬರೀ ಗಾದೆಯಲ್ಲ. ಗುದ್ದಲಿ ಹಾಕಬೇಡಿ, ಕೈ ತೂರಬೇಡಿ, ಪೆಟ್ರೋಲ್ ಸುರಿದು ಬೆಂಕಿ ಇಡುವ ಶೂರತನ ಬೇಡ. ಮನೆಯಿಂದ ದೂರದ ಹುತ್ತ ಅದರ ಪಾಡಿಗೆ ಇರಲಿ, ನಾಗರ ಪಂಚಮಿಗೂ ಬೇಕಲ್ಲ.

ಗೆದ್ದಲೇ ಅಂತ ಖಚಿತವಾದ ಮೇಲೆ

ಕಂಡ ಹುಳಕ್ಕೆ ಸ್ಪ್ರೇ ಹೊಡೆದರೆ ಕಂಡದ್ದು ಸಾಯುತ್ತದೆ. ಗೂಡು ನೆಲದಲ್ಲಿ, ರಾಣಿ ಅದರ ನಡುವೆ, ಅದಕ್ಕೆ ಏನೂ ತಾಗುವುದಿಲ್ಲ. ಉಳಿದವು ಇನ್ನೊಂದು ಗೋಡೆಯಿಂದ ಏಳುತ್ತವೆ. ಸೀಮೆಎಣ್ಣೆ, ಹಳೇ ಎಂಜಿನ್ ಆಯಿಲ್ ಕಥೆಯೂ ಇದೇ, ಜೊತೆಗೆ ಬೆಂಕಿಯ ಭಯ.

ತೋಟಕ್ಕೆ ತಂದಿಟ್ಟ ಕೀಟನಾಶಕವನ್ನು ಅಂದಾಜಿನಲ್ಲಿ ಕಲೆಸಿ ಮನೆಯೊಳಗೆ ಹೊಡೆಯುವುದು ನಮ್ಮಲ್ಲಿ ಜಾಸ್ತಿ. ಅದನ್ನು ಬಿಡಿ. ಮುಚ್ಚಿದ ಕೋಣೆ, ಮಕ್ಕಳು, ಅಡಿಗೆ ಸಾಮಾನು, ಪಕ್ಕದಲ್ಲೇ ಬಾವಿ, ಇವು ಯಾವುವೂ ತೋಟದಲ್ಲಿಲ್ಲ. ಯಾರಾದರೂ ಆ ಔಷಧಿ ಕುಡಿದರೆ ಅಥವಾ ಹೊಡೆಯುವಾಗ ವಾಂತಿ, ತಲೆಸುತ್ತು, ಉಸಿರಾಟದ ತೊಂದರೆ ಶುರುವಾದರೆ ಹೊರಗೆ ಗಾಳಿಗೆ ಕರೆತಂದು 108ಕ್ಕೆ ಫೋನ್ ಮಾಡಿ. ನೀವಾಗಿ ವಾಂತಿ ಮಾಡಿಸಬೇಡಿ, ಔಷಧಿ ಬಾಟಲಿಯನ್ನು ಆಸ್ಪತ್ರೆಗೆ ಜೊತೆಗೇ ಒಯ್ಯಿರಿ.

ಕಟ್ಟಿದ ಮನೆಗೆ ಗೆದ್ದಲು ತಡೆಯಲು ಭಾರತೀಯ ಮಾನಕ ಐಎಸ್ 6313ರ 3ನೇ ಭಾಗ ಇದೆ. ಕೆಲಸ ಹೀಗಿರುತ್ತದೆ: ಗೋಡೆ ನೆಲ ಸೇರುವ ಕಡೆ ಸುಮಾರು ಒಂದಡಿಗೊಂದು ತೂತು ಕೊರೆದು, ಔಷಧಿ ಇಳಿಸಿ, ತೂತು ಮುಚ್ಚುತ್ತಾರೆ. ಇಮಿಡಾಕ್ಲೋಪ್ರಿಡ್, ಫಿಪ್ರೊನಿಲ್, ಬೈಫೆಂಥ್ರಿನ್‌ನಂಥವು ಬಳಕೆಯಲ್ಲಿವೆ. ಬರುವವರನ್ನು ಔಷಧಿಯ ಹೆಸರೇನು, ಲೇಬಲ್ ಪ್ರಕಾರ ಎಷ್ಟು ನೀರಿಗೆ ಎಷ್ಟು, ಎಷ್ಟು ವರ್ಷದ ವಾರಂಟಿ ಅಂತ ಕೇಳಿ, ಬರೆಸಿಕೊಳ್ಳಿ. “ವಾಸನೆ ಇಲ್ಲ, ಏನೂ ಆಗಲ್ಲ ಬಿಡಿ” ಅನ್ನುವವರನ್ನು ಕಾಫಿ ಕೊಟ್ಟು ಕಳಿಸಿ. ಬಾವಿ, ನೀರಿನ ತೊಟ್ಟಿ, ಕೊಟ್ಟಿಗೆ, ಮೀನಿನ ತೊಟ್ಟಿ ಎಲ್ಲಿವೆ ಅಂತ ಡ್ರಿಲ್ ಹಾಕುವ ಮೊದಲೇ ತೋರಿಸಿ. ನೆಲದಡಿ ನೀರಿನ ಪೈಪ್, ವೈರ್ ಹೋದ ದಾರಿಯನ್ನೂ ಹೇಳಿ. ನಮ್ಮಲ್ಲಿ ಅದೊಂದು ಮರೆತು, ಔಷಧಿಗಿಂತ ಪ್ಲಂಬರಿಗೆ ಜಾಸ್ತಿ ಕೊಟ್ಟಿದ್ದೇವೆ.

ಅವರು ಬಂದು ನೋಡುವ ತನಕ ಉಳಿದ ಸುರಂಗಗಳನ್ನು ಅಳಿಸಬೇಡಿ. ಕೆಲಸ ಮುಗಿದ ಮೇಲೆ ಎಲ್ಲ ಕೆರೆದು ತೆಗೆದು, ಒಂದೊಂದು ಜಾಗಕ್ಕೂ ಸೀಸದ ಕಡ್ಡಿಯಲ್ಲಿ ತಾರೀಖು ಬರೆಯಿರಿ. ತಿಂಗಳಿಗೊಮ್ಮೆ ಟಾರ್ಚ್ ಹಾಕಿ ನೋಡಿ, ಮುಂದಿನ ವರ್ಷದ ಮೊದಲ ಮಳೆ ನಂತರ ಇನ್ನೊಮ್ಮೆ. ಬರೆದ ತಾರೀಖಿನ ಮೇಲೆ ಹೊಸ ಮಣ್ಣು ಕಂಡರೆ ಫೋಟೋ ತೆಗೆದು, ವಾರಂಟಿ ಕಾಗದ ಹಿಡಿದು ಫೋನ್ ಮಾಡಿ.